ಉಂಗುರದೊಳಗೊಂದು ಕಿವಿ

ಹಾಸನದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು
ಝೆರಾಕ್ಸಿನವನಿಗೂ ಎಳನೀರಿನವನಿಗೂ ನಡುವೆ
ಮೂರಡಿ ಅಗಲ ನನ್ನ ಅಂಗಡಿ.
ಮೂವತ್ತೊಂದು ವರ್ಷದಿಂದ ಅಕ್ಷರ ತಿರುಗಿಸುತ್ತ ಕೂತಿದ್ದೇನೆ.
ನನ್ನ ಕೈಯಲ್ಲಿ ಕೊಂಬು ಎಡಕ್ಕೆ, ದೀರ್ಘ ಎಡಕ್ಕೆ;
ಕಾಗದಕ್ಕೆ ಬಿದ್ದ ಮೇಲೆ
ಎಲ್ಲ ಸರಿ, ಎಲ್ಲ ಸರ್ಕಾರಿ.

ಸಿಪ್ರಿಯನ್ ಲೋಬೋ ಬಂದದ್ದು ಒಂದು ಮಂಗಳವಾರ,
ಸಕಲೇಶಪುರದಾಚೆ ಯಾವುದೋ ಎಸ್ಟೇಟಿನ ರೈಟರು.
ಬಂಗಲೆ ಮಾರುವಾಗ ಅಟ್ಟದಲ್ಲಿ ಸಿಕ್ಕಿತಂತೆ
ದೊರೆ ಮರೆತುಹೋದ ಹೊಗೆಸೊಪ್ಪಿನ ಡಬ್ಬಿ.
ಒಳಗೆ ಹತ್ತಿಯಲ್ಲಿ ನಾಲ್ಕು ಉಂಗುರ, ನಾಲ್ಕು ಕಲ್ಲು,
ದೊಡ್ಡದೆಂದರೆ ಅವರೆಕಾಳಿನಷ್ಟು;
ಅಡಿಯಲ್ಲಿ ದೊರೆಯ ಕೈಬರಹದ ಚೀಟಿ.
"ರೋಮಿನವು, ಎರಡು ಸಾವಿರ ವರ್ಷದವು ಅಂತ ಬರೆದಿದ್ದಾರೆ.
ಸೇಠು ಕಣ್ಣಿಗೆ ಭೂತಗನ್ನಡಿ ಇಟ್ಟು ನೋಡಿ
ಕಟ್ಟಿನ ಚಿನ್ನಕ್ಕಷ್ಟೇ ಬೆಲೆ, ಕಲ್ಲಿಗೆ ಕಾಸಿಲ್ಲ ಅಂದ.
ನೀವು ತಿರುವು ಓದುವವರು, ಆಚಾರ್ರೇ. ನೋಡಿ."

ಅರಗು ಕಾಯಿಸಿ, ಹಲಗೆಗೆ ಹಚ್ಚಿ, ಒಂದೊಂದಾಗಿ ಒತ್ತಿದೆ.

ಮೊದಲದ್ದು ಇರುವೆ, ಬಾಯಲ್ಲಿ ಕಾಳು.
ಕೂಡಿಟ್ಟವನಿಗೆ ಕೂಳು ಅಂತಿರಬೇಕು ಅಂದೆ.
ಚೀಟಿ ಹೌದೆಂದಿತು.
ಆಮೇಲೆ ಏಡಿ, ಅದರ ಕೊಂಡಿಯಲ್ಲಿ ಚಿಟ್ಟೆ.
ಲೋಬೋ ಓದಿದ: "ನಿಧಾನವಾಗಿ ಅವಸರ ಮಾಡು."
ಇದು ನಮ್ಮ ಕಚೇರಿಯದೇ ಕಲ್ಲು, ಅಂದೆ,
ಅವಸರ ನಮ್ಮದು, ನಿಧಾನ ಅವರದು.
ಮತ್ತೊಂದರಲ್ಲಿ ಎರಡು ಕೈ, ಒಂದನ್ನೊಂದು ಹಿಡಿದಿವೆ.
ಮದುವೆಯೋ, ವ್ಯಾಪಾರವೋ?
ಎರಡಕ್ಕೂ ಅದೇ ಕೈಯಂತೆ.
ಅರಗಿನಲ್ಲಿ ಬಲಗೈ. ಕಲ್ಲಿನಲ್ಲಿ ಎಡಗೈ.
ಯಾವ ಪುಡಿ, ಯಾವ ಎಣ್ಣೆ ಬಳಸಿದನೋ,
ಅವನೂ ನನ್ನ ಹಾಗೆ ಬೆನ್ನು ಬಾಗಿಸಿ
ಜೀವಮಾನವಿಡೀ ತಪ್ಪು ಕೈಯನ್ನೇ ನೋಡುತ್ತ
ಸರಿ ಕೈ ಮಾಡಿಕೊಟ್ಟವನು.

ನಾಲ್ಕನೆಯದಕ್ಕೆ ಅರಗು ಮತ್ತೆ ಕಾಯಿಸಬೇಕಾಯಿತು.
ಒತ್ತಿ ಎತ್ತಿದರೆ
ಒಂದು ಕಿವಿ.
ಮುಖವಿಲ್ಲ, ತಲೆಯಿಲ್ಲ, ಬರೀ ಕಿವಿ,
ಅದರ ಹಾಲೆಯನ್ನು ಎರಡು ಬೆರಳು ಹಿಂಡುತ್ತಿವೆ.
ಸುತ್ತ ಏನೋ ಅಕ್ಷರ; ನನಗೆ ತಿರುವೂ ನೆಟ್ಟಗೂ ಒಂದೇ.
ನಕ್ಕುಬಿಟ್ಟೆ. ನಮ್ಮ ಪುಟ್ಟಯ್ಯ ಮೇಷ್ಟ್ರು
ಮಗ್ಗಿ ತಪ್ಪಿದವರನ್ನು ಹುಡುಕುತ್ತ ರೋಮಿಗೂ ಹೋಗಿದ್ದರೇ?
ಲೋಬೋ ಚೀಟಿಯನ್ನು ಬೆಳಕಿಗೆ ಹಿಡಿದ:
"'ನೆನಪಿಡು' ಅಂತ ಬರೆದಿದೆಯಂತೆ.
ಅವರಿಗೆ ನೆನಪು ಇದ್ದದ್ದು ತಲೆಯಲ್ಲಲ್ಲ, ಕಿವಿಯ ಹಾಲೆಯಲ್ಲಿ.
ನ್ಯಾಯಕ್ಕೆ ಸಾಕ್ಷಿ ಬೇಕಾದರೆ
ದಾರಿಯಲ್ಲಿ ನಿಂತವನ ಕಿವಿ ಮುಟ್ಟುತ್ತಿದ್ದರಂತೆ.
ಮುಟ್ಟಿಸಿಕೊಂಡವನು ಮರೆತೆ ಅನ್ನುವ ಹಾಗಿಲ್ಲ."

ಎದುರಿನ ಕಟ್ಟೆಯ ಮೇಲೆ ಸಾಕ್ಷಿ ಸಣ್ಣೀರಪ್ಪ,
ಎರಡು ಇಡ್ಲಿ, ಒಂದು ಕಾಫಿಗೆ
ಯಾರ ಕ್ರಯಪತ್ರಕ್ಕಾದರೂ ರುಜು ಹಾಕುವವನು.
ಅವನ ಕಿವಿಯ ಮೇಲೆ ಬೀಡಿ.

ನನ್ನ ನಗು ನಿಂತದ್ದು ಅಲ್ಲಿ.

ಹದಿನಾಲ್ಕು ವರ್ಷದ ಹಿಂದೆ ಒಬ್ಬ ಹಳೆಯ ಕಾಗದ ತಂದಿದ್ದ,
ಅದರ ಮೂಲೆಯಲ್ಲಿ ಸತ್ತ ನೋಟರಿಯ ದುಂಡು ಮೊಹರು.
"ಇದೇ ಥರ ಒಂದು."
ನನಗೆ ಆಗ ಕಷ್ಟವೇನೂ ಇರಲಿಲ್ಲ.
ಕೇಳಿದ, ಕೆತ್ತಿದೆ. ನೂರೆಂಬತ್ತು ರೂಪಾಯಿ.
ಮಾಸಿದ್ದ ಒಂದು ಸೊನ್ನೆಯನ್ನು ಮಾಸಿದ ಹಾಗೇ ಕೆತ್ತಿದ್ದೆ,
ಅಷ್ಟು ಚೆನ್ನಾಗಿ.
ಆಮೇಲೆ ದುದ್ದದ ಕಡೆಯ ಹೊನ್ನಾಜಮ್ಮ
ಆ ಮೊಹರಿನ ಕಾಗದ ಹಿಡಿದು
ಕಚೇರಿಯ ಮೆಟ್ಟಿಲ ಮೇಲೆ ಮೂರು ದಿನ ಕೂತಿದ್ದಳು.
ಮೆಟ್ಟಿಲು ನನ್ನ ಅಂಗಡಿಗೆ ಚೆನ್ನಾಗಿ ಕಾಣುತ್ತದೆ.
ನೀರು ಕೇಳಿದಳು. ಕೊಟ್ಟೆ.
ಅವಳು ಓದಲು ಬಾರದವಳು, ಕಾಗದವನ್ನು ತಲೆಕೆಳಗೆ ಹಿಡಿದಿದ್ದಳು.
ಹಾಗೆ ಹಿಡಿದರೂ ಅದು ನನ್ನ ಕೆಲಸ ಅಂತ
ನನಗೆ ಗೊತ್ತಾಗುತ್ತಿತ್ತು.

ಲೋಬೋ ಕಲ್ಲುಗಳನ್ನು ಹತ್ತಿಯಲ್ಲಿ ಸುತ್ತಿ
ನಾಲ್ಕೂವರೆಯ ಬಸ್ಸಿಗೆ ಹೋದ.
ಅರಗು ದಂಡ ಮಾಡಬಾರದು, ಅದು ಅಪ್ಪನ ಪಾಠ;
ಸಂಜೆ ಹಲಗೆ ಕೆರೆಯತೊಡಗಿದೆ.
ಇರುವೆ ಹೋಯಿತು, ಏಡಿ ಹೋಯಿತು,
ಹಿಡಿದ ಕೈಗಳು ಸುಲಭವಾಗಿ ಬಿಟ್ಟವು.
ಕಿವಿಯ ಹತ್ತಿರ ಬಂದಾಗ ಚಾಕು ನಿಂತಿತು.

"ಸಣ್ಣೀರಪ್ಪ, ಬಾ ಇಲ್ಲಿ."
ಬಂದ. "ಏನ್ ಆಚಾರ್ರೇ, ರುಜು ಹಾಕ್ಬೇಕಾ?"
"ಇಲ್ಲ. ನಾನು ಹೇಳ್ತೀನಿ, ನೀನು ಕೇಳ್ಬೇಕು."
ಅವನು ಒಂದು ಗಳಿಗೆ ನನ್ನ ಮುಖ ನೋಡಿ
ಕಿವಿಯ ಮೇಲಿನ ಬೀಡಿ ತೆಗೆದ.